ಬಾರದ ಮಗಳ ಬಾಣಂತನ

ನಿಪ್ಪಾಣಿಯಲ್ಲಿ ನಮ್ಮ ಮನೆಗೂ, ನಾವು ಚಾಚಿ ಎನ್ನುತ್ತಿದ್ದ ಮುಸಲ್ಮಾನ ನೆರೆಯವಳ ಮನೆಗೂ ನಡುವೆ ಒಂದೇ ಗೋಡೆ. ಗಂಡನನ್ನು ಕಳೆದುಕೊಂಡಿದ್ದ ಚಾಚಿ ಕಟ್ಟೆಯ ಮೇಲೆ ಕೂತು ದಿನವಿಡೀ ಬೀಡಿ ಕಟ್ಟುತ್ತಿದ್ದಳು. ಅವಳ ಒಬ್ಬಳೇ ಮಗಳು ನನ್ನ ಶಾಲೆಯ ಗೆಳತಿ. ಅವಳನ್ನು ಕರಾಚಿಯಲ್ಲಿದ್ದ ಸೋದರಮಾವನ ಮಗನಿಗೆ ಕೊಟ್ಟರು. ಅಷ್ಟು ದೂರವೇ ಎಂದು ಕೇಳಿದವರಿಗೆಲ್ಲ ಚಾಚಿ, "ರೈಲಿನ ದಾರಿ ಐತಿ. ಆಕಿನ್ನ ಏನು ಚಂದ್ರಲೋಕಕ್ಕ ಕಳಸಾಕತ್ತೀನೇನು?" ಎಂದು ಬಾಯಿ ಮುಚ್ಚಿಸಿದ್ದಳು. ನನ್ನನ್ನು ಅಥಣಿಗೆ ಕೊಟ್ಟರು.

ಇಬ್ಬರೂ ಒಂದೇ ಹೊತ್ತಿಗೆ ಬಸುರಾದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಈ ವಿಷಯದಲ್ಲಿ ನಮ್ಮ ಓಣಿಯಲ್ಲಿ ಹಿಂದೂ ಮುಸಲ್ಮಾನ ಎಂಬ ಭೇದವಿರಲಿಲ್ಲ. ಏಳನೇ ತಿಂಗಳಿಗೆ ಮಗಳು ಬರುತ್ತಾಳೆಂದು ಚಾಚಿ ಒಳಕೋಣೆಗೆ ಸುಣ್ಣ ಬಳಿಸಿದಳು, ಹೊರಸಿಗೆ ಹೊಸ ಹಗ್ಗ ಹೆಣೆಸಿದಳು. ಬಾಣಂತಿಯ ಉಂಡಿಗೆಂದು ಅಂಟು, ಅಳ್ವಿ, ಉತ್ತತ್ತಿ ತಂದು ಡಬ್ಬಿಗಳಲ್ಲಿ ತುಂಬಿದಳು.

ನನಗೆ ಅವ್ವ ಇರಲಿಲ್ಲ. "ತವರು ಇನ್ನೂ ಸತ್ತಿಲ್ಲ" ಎಂದು ಹಟ ಮಾಡಿ ಅಪ್ಪ ನನ್ನನ್ನು ಕರೆತಂದಿದ್ದ. ಅನ್ನ ಬಸಿಯಲೂ ಬಾರದ ಮನುಷ್ಯ ಬಾಣಂತನ ಹೇಗೆ ಮಾಡಿಯಾನೆಂದು ಅವನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಒಬ್ಬಳೇ ಕೂತಿರುವಾಗ ಗೋಡೆಯಾಚೆ ಡಬ್ಬಿಗಳ ಸದ್ದು ಕೇಳಿದರೆ ಗೆಳತಿಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಆಗ ಮುಂಬೈಯಲ್ಲಿ ಬಾಂಬುಗಳು ಸಿಡಿದವು. ನಮ್ಮ ಓಣಿಯ ಎಷ್ಟೋ ಮನೆಗಳವರು ಅಲ್ಲಿ ಕೆಲಸಕ್ಕಿದ್ದರು. ಎಲ್ಲರೂ ಸುದ್ದಿಗಾಗಿ ರೇಡಿಯೊ ಮುಂದೆ ಕೂತರು. ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು. ಎರಡೂ ದೇಶಗಳು ಒಂದನ್ನೊಂದು ಬೈಯತೊಡಗಿದವು. ಗೆಳತಿಗೆ ವೀಸಾ ಸಿಗಲಿಲ್ಲ. ಬಾಂಬ್ ಇಟ್ಟವರು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ, ಹೆರಲು ಬರುವವಳು ಕೇಳಬೇಕಾಗಿತ್ತು. ಇದು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಚಾಚಿ ಮಾತ್ರ ನಂಬಲಿಲ್ಲ. "ಬಸರಿ ಹೆಂಗಸನ್ನ ಯಾರ ತಡೀತಾರ? ಅವರಿಗೂ ಅವ್ವ ಇದ್ದಾಳಲ್ಲ" ಎನ್ನುತ್ತಿದ್ದಳು. ಕೊನೆಗೆ ಎದುರಿನ ತಂಬಾಕಿನ ವ್ಯಾಪಾರಿಯ ಮನೆಗೆ ಕರಾಚಿಯಿಂದ ಫೋನ್ ಬಂತು. ಚಾಚಿ ಓಡಿಹೋಗಿ ಮಾತಾಡಿ ಬಂದಳು.

"ಗಂಡು ಹುಟ್ಯಾನಂತ. ಅವನ ದನಿ ಕೇಳಸ್ತೀನಿ ಅಂದ್ಲು, ಅಷ್ಟರಾಗ ಲೈನ್ ಹೋತು" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದೇ ವಾರ ನಾನೂ ಗಂಡು ಹೆತ್ತೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚಾಚಿಯ ಹೊರಸು ನಮ್ಮ ಮನೆಯೊಳಗೆ ಬಂತು. ಮುಂದೆ ಚಾಚಿ, ಹಿಂದೆ ಅಪ್ಪ ಹಿಡಿದುಕೊಂಡಿದ್ದರು. "ಮಲಕೋ. ಮಾಡಿಟ್ಟ ಹಾಸಿಗಿ ಖಾಲಿ ಇರಬಾರದು" ಎಂದಳು.

ಮುಸಲ್ಮಾನಳ ಕೈಯಲ್ಲಿ ಬಾಣಂತನವೇ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ಅಪ್ಪ ಕಟ್ಟೆಗೆ ಬಂದು, "ನಿಮ್ಮ ಪೈಕಿ ಯಾರರೆ ಬಂದು ಕೂಸಿಗೆ ಎರೀತೀರೇನ್ರಿ?" ಎಂದು ಕೇಳಿದ. ಯಾರೂ ಬರಲಿಲ್ಲ.

ದಿನಾ ಚಾಚಿ ಕಾಲು ನೀಡಿ ಕೂತು, ನನ್ನ ಮಗನನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಿದ್ದಳು. ಲೋಬಾನದ ಹೊಗೆ ಹಾಕುತ್ತಿದ್ದಳು. ನನಗೆ ಅಂಟಿನ ಉಂಡಿ ಕೊಡುತ್ತಿದ್ದಳು, ಆದರೆ ಮಾತು ಕಡಿಮೆ. ಬಾಯಿ ತೆರೆದರೆ ಗೆಳತಿಯ ಹೆಸರು ಬರುತ್ತದೆಂದು ನಾನೂ ಸುಮ್ಮನಿರುತ್ತಿದ್ದೆ. ನನಗೆ ಅವ್ವ ಬೇಕಾಗಿದ್ದಳು, ಅವಳಿಗೆ ಮಗಳು ಬೇಕಾಗಿದ್ದಳು. ಒಂದೇ ಕೋಣೆಯಲ್ಲಿದ್ದೂ ನಾವಿಬ್ಬರೂ ಒಬ್ಬರಿಗೊಬ್ಬರು ಸಾಲುತ್ತಿರಲಿಲ್ಲ. ಮಗ ಮೊದಲ ಸಲ ನಕ್ಕಾಗ ಅವಳು ಹಿತ್ತಲಿಗೆ ಹೋಗಿ ಅತ್ತದ್ದು ನನಗೆ ಕೇಳಿಸಿತ್ತು.

ಐದನೇ ತಿಂಗಳಿಗೆ ಅಥಣಿಯಿಂದ ಕರೆಯಲು ಬಂದರು. ಚಾಚಿ ಕೂಸನ್ನು ಎದೆಗೊತ್ತಿಕೊಂಡು ಕೂತುಬಿಟ್ಟಳು, ಕೊಡಲೊಲ್ಲಳು.

"ಅಥಣಿ ಏನ ದೂರ ಚಾಚಿ? ಬಂದು ನೋಡಿ ಹೋಗು" ಎಂದೆ.

"ದೂರದ ಮಾತಲ್ಲ ಬೇಟಾ. ಇವ ನಕ್ಕಾಗ ಅವನೂ ನಕ್ಕಾನ ಅಂದ್ಕೊಂಡೆ. ಇವ ಬೋರಲ ಬಿದ್ದಾಗ ಅವನೂ ಬಿದ್ದಾನ ಅಂದ್ಕೊಂಡೆ. ಇವನ್ನ ನೀ ಒಯ್ದರ, ನನ್ನ ಮೊಮ್ಮಗ ಎಷ್ಟ ದೊಡ್ಡಾವ ಆದ ಅಂತ ನನಗ ಹೆಂಗ ಗೊತ್ತಾಗಬೇಕು?"

ಮಗನನ್ನು ಅವಳ ಕೈಯಿಂದ ಬಿಡಿಸಿಕೊಂಡು ಜೀಪು ಹತ್ತಿದೆ. ಕೆಲವು ವಾರಗಳ ಮೇಲೆ ಅಥಣಿಯಿಂದ ತಂಬಾಕಿನ ವ್ಯಾಪಾರಿಯ ಮನೆಗೆ ಫೋನ್ ಮಾಡಿ ಚಾಚಿಯನ್ನು ಕರೆಸಿದೆ.

"ಕೆಳಗಿನ ಹಲ್ಲು ಬಂದಾವ ಚಾಚಿ" ಎಂದೆ, "ಇಬ್ಬರಿಗೂ."