ನೆಟ್ಟಗಾದ ಕೈ

ಮೂಳೆ ಮುರಿದ ಸದ್ದು ನನಗೆ ನಿಜವಾಗಿ ಕೇಳಿಸಿತೋ ಇಲ್ಲವೋ, ಈಗ ಹೇಳಲಾರೆ. ಕೇಳಿಸಿತೆಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಆದರೆ ಪಾವಗಡದ ಆ ಮನೆಯಲ್ಲಿ ನಾನಿದ್ದದ್ದು ಜಗಲಿಯ ಮೇಲೆ, ಅವನಿದ್ದದ್ದು ಒಳಗೆ. ಹಿತ್ತಲಲ್ಲಿ ಯಾರೋ ಸೌದೆ ಒಡೆಯುತ್ತಿದ್ದರು.

ಎಂಬತ್ತರ ದಶಕದ ಆರಂಭ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜಕ್ಕೆ ಊರಿಗೆ ಬಂದಿದ್ದೆ. ಅವನು ನನ್ನ ಗೆಳೆಯ, ಕಳ್ಳಂಬೆಳ್ಳದ ಕಡೆಯ ಕುರಿ ಸಾಕುವ ಮನೆಯವನು, ನನಗಿಂತ ಚಿಕ್ಕವನು, ವೇಗದ ಬೌಲರ್. ದೇಶದ ಕಿರಿಯರ ತಂಡದಲ್ಲಿ ವಿದೇಶಕ್ಕೆ ಹೋಗಿ ಆಡಿ ಬಂದಿದ್ದ. ಹಿರಿಯರ ತಂಡದ ಶಿಬಿರಕ್ಕೂ ಕರೆ ಬಂದಿತ್ತು. ಚಿಕ್ಕಂದಿನಲ್ಲಿ ಹುಣಸೆ ಮರದಿಂದ ಬಿದ್ದು ಅವನ ಬಲ ಮೊಣಕೈ ಬಾಗಿಯೇ ಕೂಡಿಕೊಂಡಿತ್ತು. ಉಣ್ಣುವಾಗ ಇನ್ನಷ್ಟು ಮಡಚುತ್ತಿತ್ತು, ಆದರೆ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬೌಲಿಂಗ್ ಮಾಡುವಾಗಲೂ ಮೊದಲಿಂದ ಕೊನೆಯವರೆಗೆ ಅಷ್ಟೇ ಬಾಗಿರುತ್ತಿತ್ತು.

ಮಧುಗಿರಿಯಲ್ಲಿ ಅವನಿಗೆ ಹಾರ ಹಾಕಿ, ಶಿರಾದವರ ಕಡೆಯಿಂದ ಒಂದು ಪಂದ್ಯ ಆಡಿಸಿದರು. ಮ್ಯಾಟಿನ ಮೇಲೆ ಅವನ ಮೊದಲ ಚೆಂಡೇ ಮಧುಗಿರಿಯ ಕ್ಯಾಪ್ಟನ್ನನ ಪಕ್ಕೆಗೆ ಬಿತ್ತು. ಆತ ವಕೀಲ. ಎದ್ದವನೇ ಅಂಪೈರನ್ನು ದುರುಗುಟ್ಟಿ ನೋಡಿದ. ಕೊರಟಗೆರೆಯ ಡ್ರಿಲ್ ಮೇಷ್ಟರು ಅವತ್ತಿನ ಅಂಪೈರು. ಮುಂದಿನ ಚೆಂಡಿಗೆ ಅವರು ಕೈ ಚಾಚಿ ‘ನೋ ಬಾಲ್’ ಎಂದು ಕೂಗಿದರು.

"ಯಾಕ್ ಸಾರ್?"

"ಕೈ ಸೊಟ್ಟ ಐತಲ್ಲಯ್ಯಾ. ರೂಲ್ ಪ್ರಕಾರ ನೆಟ್ಟಗಿರ್ಬೇಕು."

ಜನಕ್ಕೆ ಅಷ್ಟು ಸಾಕಾಯಿತು. "ಲೇ, ಕುರಿಗೆ ಕಲ್ಲು ಬೀಸ್ದಂಗೆ ಬೀಸ್ತಾನೆ ಕಣ್ರಲಾ!" ಅವನು ಓಡಿ ಬರುವಾಗಲೆಲ್ಲ ಬೇಲಿಯ ಆಚೆಯಿಂದ ಕುರಿಯಂತೆ ಅರಚಿದರು. ಹಾರ ಹಾಕಿದವರೂ ಅರಚಿದರೇ? ಹಾಗೆಂದೇ ನೆನಪು. ನಂಬುವಂತಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವನು, ಪಂದ್ಯ ನೋಡಲು ನನ್ನ ಜೊತೆ ಬಂದಿದ್ದ ತನ್ನ ಅಪ್ಪನಿಗೆ ಹೇಳಿದ: "ಪರದೇಶ್ದಾಗೆ ಯಾರೂ ಏನೂ ಅನ್ನಲಿಲ್ಲ ಕಣಪ್ಪ."

"ಅವ್ರು ದೊಡ್ಡ ಮನ್ಸರು ಕಣ್ಲಾ. ಮನೆಗ್ ಬಂದ ನೆಂಟ ಅಂತ ಸುಮ್ಕಿದ್ರು. ಶಿಬಿರದಾಗೆ ಸುಮ್ಕಿರ್ತಾರಾ? ನೆಟ್ಟಗೆ ಮಾಡ್ಸ್ಕೊಂಡೇ ಹೋಗು."

ಆ ವಾರವೇ ಪಾವಗಡದ ಮೂಳೆ ಕಟ್ಟುವವನಲ್ಲಿಗೆ ಹೋದೆವು. ಸೊಟ್ಟಗೆ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕಟ್ಟುವುದರಲ್ಲಿ ಅವನಿಗೆ ಹೆಸರಿತ್ತು. "ಏಂ ಪರವಾಲೇದು ನಾಯನಾ, ಕಡ್ಡಿ ಇದ್ದಂಗೆ ಮಾಡಿ ಕೊಡ್ತೀನಿ," ಎಂದು ತೆಲುಗು ಬೆರೆಸಿ ಧೈರ್ಯ ಹೇಳುತ್ತ ಹರಳೆಣ್ಣೆ ತಿಕ್ಕಿದ. ಅಪ್ಪ ಭುಜ ಹಿಡಿದುಕೊಂಡ. ಆಗ ನನ್ನನ್ನು ಹೊರಗೆ ಕಳಿಸಿದರು.

ಬಿದಿರು ದಬ್ಬೆ ಬಿಚ್ಚುವಷ್ಟರಲ್ಲಿ ಶಿಬಿರ ಮುಗಿದಿತ್ತು. ಕೈ ಮಾತ್ರ ಹೇಳಿದಂತೆಯೇ ಕಡ್ಡಿಯಾಗಿತ್ತು, ಮಡಚಲು ಬರುತ್ತಿರಲಿಲ್ಲ. ಅನ್ನವನ್ನು ಎಡಗೈಯಲ್ಲೇ ಉಣ್ಣಬೇಕಾಯಿತು. ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದವನೊಬ್ಬ ಎಲೆ ಎತ್ತಿಕೊಂಡು ದೂರ ಹೋಗಿ ಕೂತ.

ಆದರೂ ಅವನು ಮತ್ತೊಮ್ಮೆ ಬೌಲಿಂಗ್ ಮಾಡಿದ. ಕೊರಟಗೆರೆಯ ಮೈದಾನದಲ್ಲಿ, ಅದೇ ಮೇಷ್ಟರ ಮುಂದೆ. ಕೈ ಗಾಣದ ಮರದಂತೆ ಸುತ್ತಿ ಬಂತು. ಚೆಂಡು ಎರಡು ಸಲ ಪುಟಿದು, ತೆವಳಿಕೊಂಡು ಹೋಯಿತು. ಹೈಸ್ಕೂಲಿನವನೊಬ್ಬ ಅದನ್ನು ಕೆರೆ ಏರಿಯ ಆಚೆಗೆ ಹೊಡೆದ.

"ಈಗ್ ನೋಡು, ಸರೀಗೈತೆ!" ಎಂದರು ಮೇಷ್ಟರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು.

ನನ್ನ ನೆನಪಿನಲ್ಲಿ ಇವುಗಳಲ್ಲಿ ಎಷ್ಟು ಹುಸಿಯೋ ತಿಳಿಯದು. ಒಂದನ್ನು ಮಾತ್ರ ಆಮೇಲೆ ಮೈಸೂರಿನ ಗ್ರಂಥಾಲಯದಲ್ಲಿ ಕೂತು, ಆ ಕಾಲದ ಕ್ರಿಕೆಟ್ ನಿಯಮಗಳನ್ನು ತೆಗೆದು, ಎರಡೆರಡು ಸಲ ಓದಿ ಖಚಿತ ಮಾಡಿಕೊಂಡೆ. ಬೌಲರನ ಕೈ ನೆಟ್ಟಗಿರಬೇಕೆಂದು ಅಲ್ಲಿ ಎಲ್ಲೂ ಇಲ್ಲ. ಬಾಗಿದ ಕೈಯನ್ನು ಚೆಂಡು ಬಿಡುವ ಗಳಿಗೆಯಲ್ಲಿ ನೆಟ್ಟಗೆ ಮಾಡಬಾರದು, ಅಷ್ಟೇ.