ನಿನ್ನ ಜಾಗ, ನನ್ನ ಜಾಗ

ಡ್ರಿಲ್ ಮೇಷ್ಟ್ರಿಗೆ ಭಾವಮೈದನನ್ನು ಕಂಡರೆ ಹೊಟ್ಟೆಯುರಿ. ಮುಚ್ಚಿಡುವುದೇನು ಬಂತು, ಹೆಂಡತಿಗೂ ಗೊತ್ತಿತ್ತು. ಬಾಸ್ಕೆಟ್‌ಬಾಲ್ ರೆಫರಿಯ ಕೆಲಸವನ್ನು ಅವನಿಗೆ ಅ ಆ ಇ ಈಯಿಂದ ಕಲಿಸಿದವರು ಇವರು. ಈಗ ಎಲ್ಲರ ಬಾಯಲ್ಲೂ ಅವನದೇ ಜಪ. ಏನು ಓಟವಂತೆ, ಏನು ನೋಟವಂತೆ! ಇವರ ಮಂಡಿಯೋ, ಮೆಟ್ಟಿಲು ಹತ್ತುವಾಗಲೇ ಕಟಕಟ ಎನ್ನುತ್ತಿತ್ತು.

ಆ ದಿನದ ಪಂದ್ಯಕ್ಕೆ ಅವರಿಬ್ಬರೇ ಜೋಡಿ. ದೊಡ್ಡ ಪಂದ್ಯಾವಳಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಲು ಹಿರಿಯ ರೆಫರಿಯೊಬ್ಬರು ಬಂದು ಕೂತಿದ್ದರು. ವಯಸ್ಸಿನ ಮಿತಿ ನೋಡಿದರೆ ಮೇಷ್ಟ್ರಿಗೆ ಇದೇ ಕೊನೆಯ ಅವಕಾಶ.

ಈ ಕೆಲಸದಲ್ಲಿ ಅಂಕಣವನ್ನು ಹಂಚಿಕೊಳ್ಳಬೇಕು. ಒಬ್ಬ ಬಾಸ್ಕೆಟ್ ಕೆಳಗಿನ ಗೆರೆಯಲ್ಲಿ, ಇನ್ನೊಬ್ಬ ಆಟದ ಹಿಂದೆ, ನಡುಗೆರೆಯ ಕಡೆ. ಚೆಂಡು ಯಾರ ಜಾಗದಲ್ಲಿದೆಯೋ ಅವನ ಕಣ್ಣು ಚೆಂಡಿನ ಮೇಲೆ. ಇನ್ನೊಬ್ಬನದು ಚೆಂಡಿಲ್ಲದವರ ತಳ್ಳಾಟದ ಮೇಲೆ. "ಚೆಂಡು ನೋಡೋಕೆ ಟಿಕೆಟ್ ತಗೊಂಡೋರಿದ್ದಾರೆ ಕಣೋ, ನೀನು ನಿನ್ನ ಜಾಗ ನೋಡು" ಎಂದು ಮೇಷ್ಟ್ರೇ ಭಾವಮೈದನನ್ನು ಗದರಿದ್ದುಂಟು.

ಆಟ ಮುಗಿಯುತ್ತ ಬಂದಿತ್ತು. ಮೇಷ್ಟ್ರು ಬಾಸ್ಕೆಟ್ ಕೆಳಗೆ. ಚೆಂಡು ದೂರದಲ್ಲಿ, ಭಾವಮೈದನ ಜಾಗದಲ್ಲಿ. ಮೇಷ್ಟ್ರ ಕಣ್ಣು ಅಲ್ಲಿಗೇ ಹೋಯಿತು. ಇವತ್ತಾದರೂ ಅವನು ಒಂದು ತಪ್ಪು ಮಾಡಬಾರದೇ? ಚೆಂಡು ಹಿಡಿದು ನಿಂತವನ ಕಾಲು, ಸರಿಯಬಾರದ್ದು, ಸರಿದಂತೆ ಕಂಡಿತು. ಭಾವಮೈದ ಸುಮ್ಮನಿದ್ದ. ಸಿಕ್ಕಿಬಿದ್ದ ಎಂದುಕೊಂಡು ಮೇಷ್ಟ್ರು ಸೀಟಿ ಊದಿಯೇಬಿಟ್ಟರು.

ಅದೇ ಗಳಿಗೆಗೆ ಭಾವಮೈದನ ಸೀಟಿಯೂ ಕೂಗಿತು. ಅವನು ನೋಡುತ್ತಿದ್ದುದು ಇವರ ಕಡೆಗೆ. ಮೇಷ್ಟ್ರ ಕಾಲಬುಡದಲ್ಲೇ ಆಟಗಾರನೊಬ್ಬ ಬಾಯಿ ಹಿಡಿದುಕೊಂಡು ಬಿದ್ದಿದ್ದ, ಬೆರಳ ಸಂದಿಯಲ್ಲಿ ರಕ್ತ. ಹೊಡೆದವರು ಯಾರೋ, ದೇವರಾಣೆಗೂ ಮೇಷ್ಟ್ರಿಗೆ ಗೊತ್ತಿಲ್ಲ.

ಇಬ್ಬರ ಸೀಟಿಯೂ ಒಟ್ಟಿಗೆ ಬಂದರೆ, ತಪ್ಪು ನಡೆದ ಜಾಗ ಯಾರದೋ ಅವರೇ ಅಂಕ ಬರೆಯುವವರ ಮೇಜಿನ ಬಳಿ ಹೋಗಿ ತೀರ್ಪು ಹೇಳಬೇಕು. ಭಾವಮೈದ ಓಡಿ ಬಂದು ಪಕ್ಕದಲ್ಲಿ ನಿಂತ.

"ನಿಮ್ಮ ಜಾಗ ಭಾವ, ನೀವೇ ಹೇಳಿ" ಎಂದು ಗಟ್ಟಿಯಾಗಿ ಅಂದವನು, ತುಟಿ ಅಲ್ಲಾಡಿಸದೆ ಸೇರಿಸಿದ: "ಬಿಳಿ ಅಂಗಿ, ಏಳನೇ ನಂಬರು. ಮೊಣಕೈಲಿ ಹೊಡೆದ."

ಮೇಷ್ಟ್ರು ಹೋಗಿ ಹಾಗೆಯೇ ಹೇಳಿದರು.

ಪಂದ್ಯ ಮುಗಿದ ಮೇಲೆ ಹಿರಿಯರು ಮೇಷ್ಟ್ರ ಬೆನ್ನು ತಟ್ಟಿದರು. "ಎಲ್ಲರೂ ಚೆಂಡು ನೋಡ್ತಿದ್ರೆ ನೀವೊಬ್ರು ಕೆಳಗಡೆ ನೋಡ್ತಿದ್ರಿ. ಅನುಭವ ಅಂದ್ರೆ ಇದು! ಪಂದ್ಯಾವಳಿಗೆ ನೀವೇ ಹೊರಡಿ."

ಮೇಷ್ಟ್ರು ಕೈ ಮುಗಿದು ಒಪ್ಪಿಕೊಂಡರು.

"ಅಕ್ಕಂಗೆ ನಾನೇ ಫೋನ್ ಮಾಡ್ತೀನಿ ಭಾವ!" ಎಂದ ಭಾವಮೈದ, ಮುಖವೆಲ್ಲ ನಗುವಾಗಿ. ಅದು ನಿಜವಾದ ನಗು. ಅದನ್ನು ಕಂಡು ಮೇಷ್ಟ್ರಿಗೆ ಹಿಂದೆಂದೂ ಉರಿಯದಷ್ಟು ಹೊಟ್ಟೆ ಉರಿಯಿತು.