ಭಟ್ಕಳದ ಓಪನ್ ಕಾರು

ಭಟ್ಕಳದ ಆ ಕಾರು ಬೇರೆ ಯಾರಿಗೂ ಹೋಗಿರಲಿಲ್ಲ. ಹೋಯಿತೆಂದು ನಾನು ನಿಮಗೆ ಸುಳ್ಳು ಹೇಳಿದೆ. ಕಟ್ಟಿಕೊಂಡ ಗಂಡನಿಗೆ ಹೇಳಿದ ಸುಳ್ಳು — ಇಷ್ಟು ವರ್ಷ ಅನ್ನದ ಜೊತೆ ನುಂಗಿಕೊಂಡು ಕೂತಿದ್ದೇನೆ.

ನೀವು ಹೈಸ್ಕೂಲಿನಿಂದ ನಿವೃತ್ತರಾದ ವರ್ಷ ಅದು. ದುಬೈಯಿಂದ ಮರಳಿದ ಭಟ್ಕಳದ ಸಾಹೇಬರೊಬ್ಬರು ತಮ್ಮ ಹಳೆಯ ಕಾರು ಮಾರುತ್ತಾರೆಂದು ನೋಡಿ ಬಂದಿರಿ. ಮೇಲಿನ ಹೊದಿಕೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ತಲೆಯ ಮೇಲೆ ಬರೀ ಆಕಾಶ ಎಂದು ಕೈ ಎತ್ತಿ ತೋರಿಸಿದಿರಿ. ಸ್ಕೂಟರಿನ ಹೊರತು ಬೇರೇನನ್ನೂ ಬಯಸದ ಮನುಷ್ಯ! "ನೀ ಎಂತ ಹೇಳ್ತೆ?" ಎಂದು ಕೇಳಿದಿರಿ.

ನಾನು ಸುಮ್ಮನಿರುವವಳೇ? ನಾಲ್ಕು ತಿಂಗಳ ಮಳೆಯಲ್ಲಿ ಅದನ್ನು ಎಲ್ಲಿಡುತ್ತೀರಿ ಎಂದೆ. ಕಡಲ ಗಾಳಿಗೆ ಹೊಸ ಗೇಟೇ ತುಕ್ಕು ಹಿಡಿಯುತ್ತದೆ, ಇನ್ನು ಹಳೆಯ ಕಾರು ಉಳಿಯುತ್ತದೆಯೇ? ಹೊನ್ನಾವರದ ರಸ್ತೆಯಲ್ಲಿ ಮೀನಿನ ಲಾರಿ ಮುಂದೆ ಹೋದರೆ ಅದರ ನೀರೆಲ್ಲ ನಮ್ಮ ತಲೆಗೆ! ನೀವು ನಕ್ಕು, ಇಂಜಿನ್ ಚೆನ್ನಾಗಿದೆ, ಒಬ್ಬರೇ ಓಡಿಸಿದ ಗಾಡಿ, ಮಳೆಗಾಲದಲ್ಲಿ ಶೆಡ್ಡಿನಲ್ಲಿ ಇಟ್ಟರಾಯಿತು ಎಂದಿರಿ. ಶೆಡ್ಡಿನ ಕಟ್ಟಿಗೆಯನ್ನೆಲ್ಲ ಹೊರಗೆ ಹಾಕಿ ಜಾಗ ಮಾಡಿಯೂ ಬಿಟ್ಟಿರಿ.

ನನ್ನ ಕಾರಣಗಳೆಲ್ಲ ನೆವ. ನನಗಿದ್ದದ್ದು ನಾಚಿಕೆ. ಈ ವಯಸ್ಸಿನಲ್ಲಿ ನಮ್ಮ ಕುಮಟಾ ಪೇಟೆಯ ನಡುವೆ ತೆರೆದ ಕಾರಿನಲ್ಲಿ ನಿಮ್ಮ ಪಕ್ಕ ಕೂತು — ನೋಡಿದವರು ಏನೆಂದಾರು! ಪಕ್ಕದ ಮನೆಯವರೆದುರು "ಇವರಿಗೆ ಅರವತ್ತಕ್ಕೆ ಅರಳು ಮರಳು" ಎಂದು ನಗೆಯಾಡಿದವಳೂ ನಾನೇ. ನೀವೂ ನಕ್ಕಿರಿ, ಆದರೆ ಕಾರಿನ ಮಾತು ಬಿಡಲಿಲ್ಲ.

ನೀವು ಪೇಟೆಗೆ ಹೋದಾಗ ಸಾಹೇಬರಿಗೆ ಫೋನ್ ಮಾಡಿದೆ. "ಕಾರು ಮಾರಿ ಆತು ಅಂತ ನಮ್ಮ ಮನೆಯವರಿಗೆ ಹೇಳಿಬಿಡಿ."

ಅವರು ಒಪ್ಪಲಿಲ್ಲ. "ಅಮ್ಮಾ, ಮಾಸ್ತರು ಕೇಳಿದ್ದೇ ನಿಮಗೋಸ್ಕರ. 'ನಮ್ಮನೆಯವಳಿಗೆ ಮುಚ್ಚಿದ ಗಾಡಿ ಆಗೂದಿಲ್ಲ, ವಾಂತಿ ಬರ್ತದೆ, ತವರಿಗೆ ಹೋಗೂದೇ ಬಿಟ್ಟಿದ್ದಾಳೆ' ಅಂದ್ರು. ಅದಕ್ಕೇ ಬೇರೆಯವರಿಗೆ ಕೊಡದೆ ಇಟ್ಟಿದ್ದೇನೆ. ಬೇಡದಿದ್ರೆ ನೀವೇ ಹೇಳಿ. ಮಾಸ್ತರಿಗೆ ನಾನು ಸುಳ್ಳು ಹೇಳೂದಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಕಾರಾಗಲಿ ಬಸ್ಸಾಗಲಿ, ಹೊನ್ನಾವರದ ಸೇತುವೆ ದಾಟುವುದರೊಳಗೆ ನಾನು ಸೆರಗು ಬಾಯಿಗೆ ಹಿಡಿಯುವುದು, ಅಷ್ಟು ದೂರ ಸ್ಕೂಟರಿನಲ್ಲಿ ಕೂರಲು ನನ್ನ ಸೊಂಟ ಕೇಳದ್ದು, ಭಟ್ಕಳದ ಹತ್ತಿರ ಹೆಬಳೆಯ ತವರಿನಲ್ಲಿದ್ದ ಅಕ್ಕನನ್ನು ನೋಡದೆ ವರ್ಷಗಳಾದದ್ದು — ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು, ನನಗೆ ಒಂದು ಮಾತೂ ಹೇಳದೆ, ನೀವು... ಅಯ್ಯೋ, ಗೊತ್ತಾಯಿತು. ಗೊತ್ತಾದ ಮೇಲೂ — ಊರೆದುರು ನಕ್ಕ ಬಾಯಿಂದ "ತನ್ನಿ" ಎನ್ನಲು ನನ್ನ ಹಟ ಬಿಡಲಿಲ್ಲ. ಕಾರು ಬೇಡ, ಅವರಿಗೆ ನಾನೇ ಹೇಳುತ್ತೇನೆ ಎಂದು ಫೋನ್ ಇಟ್ಟೆ. ನೀವು ಬಂದು ಕಾಲು ತೊಳೆಯುತ್ತಿದ್ದಾಗಲೇ ಹೇಳಿದೆ: "ಭಟ್ಕಳದವರ ಫೋನ್ ಬಂದಿತ್ತು. ಕಾರು ಯಾರೋ ತಕಂಡು ಹೋದ್ರಂತೆ."

"ಹೌದಾ? ಆತು ಬಿಡು," ಎಂದಿರಿ. ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲ. ಮರುದಿನ ಒಬ್ಬರೇ ಕಟ್ಟಿಗೆಯನ್ನೆಲ್ಲ ಮತ್ತೆ ಶೆಡ್ಡಿಗೆ ಹೊತ್ತು ಹಾಕಿದಿರಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕರೆದು ಹೇಳಲಿಲ್ಲ.

ಅಕ್ಕ ತೀರಿಕೊಂಡಾಗ ಬಾಡಿಗೆ ಕಾರಿನಲ್ಲಿ ಹೆಬಳೆಗೆ ಹೋದೆವಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿ, ನೀರು ಕುಡಿಸಿ, ನನ್ನ ಬೆನ್ನು ಸವರುತ್ತ ಹೇಳಿದಿರಿ — "ಆ ಕಾರು ನಮಗೆ ಸಿಕ್ಕಿದ್ರೆ ಅಕ್ಕನ್ನ ಎಷ್ಟು ಸಲ ನೋಡ್ಬಹುದಿತ್ತು." ನನ್ನ ದುರದೃಷ್ಟ ಎಂದುಕೊಂಡು ನೀವು ಮರುಗುತ್ತಿದ್ದಿರಿ. ನಾನು ಆಗಲೂ ಬಾಯಿ ಬಿಡಲಿಲ್ಲ.

ಈಗ ನಿಮ್ಮ ಕಣ್ಣು ಮಂಜಾಗಿ ಸ್ಕೂಟರನ್ನೂ ಕೊಟ್ಟಾಯಿತು. ಇನ್ನು ಯಾವ ಕಾರು ತಂದರೂ ಓಡಿಸುವವರು ನೀವಲ್ಲ. ನಾಳೆ ಬೆಳಿಗ್ಗೆ ಚಾ ಆದ ಮೇಲೆ ನಿಮ್ಮೆದುರು ಕೂತು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ನೀವು ಬೈದರೆ ತಡೆದುಕೊಂಡೇನು. ಅರ್ಧ ಮಾತಿಗೇ ಕೈ ಹಿಡಿದು ನನ್ನನ್ನು ಸುಮ್ಮನಾಗಿಸಬೇಡಿ. ಪೂರ್ತಿ ಕೇಳಿ.